ಬಾಗಿಲ ಹಿಂದಿನ ಗೋಡೆ

ನಮ್ಮಪ್ಪ ಗೋಡೆಯ ಮೇಲೆ ಬರೆಯುವ ಮನುಷ್ಯ. ಗಾರೆ ಕೆಲಸದ ಮೇಸ್ತ್ರಿಯಾಗಿ ಶುರುಮಾಡಿ, ಗುತ್ತೇದಾರನಾಗಿ, ಕೊನೆಗೆ ರಾಯಚೂರಿನಲ್ಲಿ ತನ್ನದೇ ಮೂರಂತಸ್ತಿನ ಬಿಲ್ಡಿಂಗ್ ಎಬ್ಬಿಸಿದ. ಆದರೂ ಆ ಚಟ ಹೋಗಲಿಲ್ಲ. ಎಷ್ಟು ಚೀಲ ಸಿಮೆಂಟು ಬಂತು, ಎಷ್ಟು ಆಳು ಬಂದರು, ಯಾರಿಗೆ ಎಷ್ಟು ಮುಂಗಡ ಹೋಯಿತು, ಎಲ್ಲವನ್ನೂ ಬಡಿಗರ ದಪ್ಪ ಪೆನ್ಸಿಲಿನಿಂದ ಕಟ್ಟುತ್ತಿರುವ ಗೋಡೆಯ ಮೇಲೇ ಗೀಚುತ್ತಿದ್ದ. ಕೆಲಸ ಮುಗಿದು ಗೋಡೆಗೆ ಗಾರೆಯ ಗಿಲಾವು ಬಿದ್ದಾಗ ಲೆಕ್ಕವೂ ಅದರಡಿ ಹೋಗುತ್ತಿತ್ತು. "ಗಿಲಾವು ಬೀಳೂದರಾಗ ಎಲ್ಲಾರ ಬಾಕಿ ಮುಟ್ಟಿರಬೇಕು" ಎನ್ನುವುದು ಅವನ ನೇಮ. ಬಾಕಿ ಇಟ್ಟುಕೊಂಡು ಗೋಡೆ ಮುಚ್ಚಿದ ಎಂದು ಅವನನ್ನು ಯಾವ ಆಳೂ ಅಂದಿದ್ದಿಲ್ಲ.

ನನಗೆ ಮಾತ್ರ ಆ ಗೋಡೆಗಳನ್ನು ಕಂಡರೆ ಮೈ ಉರಿಯುತ್ತಿತ್ತು. ನಾವು ಬೆಳೆದ ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಹಾಲಿನ ಲೆಕ್ಕ, ಪಡಸಾಲೆಯ ಗೋಡೆಗೆ ಆಳುಗಳ ಪಗಾರ, ದೇವರ ಜಗಲಿಯ ಪಕ್ಕದಲ್ಲಿ ನನ್ನನ್ನು ನೋಡಿಹೋದ ಗಂಡುಗಳ ಊರಿನ ಹೆಸರು. ಪೋತ್ನಾಳ, ಕಲ್ಮಲ, ಆಮೇಲೆ ಇನ್ನೂ ಮೂರು. ಒಂದೂ ಕೂಡಿಬರಲಿಲ್ಲ. ಊರಿನ ಹೆಸರುಗಳು ಮಾತ್ರ ಏಳೆಂಟು ವರ್ಷ ಅಲ್ಲೇ ಇದ್ದವು, ನಾನು ದಿನಾ ದೀಪ ಹಚ್ಚುವಾಗ ಓದಿಕೊಳ್ಳಲಿ ಎಂಬಂತೆ. ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದೆ.

ಅದಕ್ಕೇ ಇರಬೇಕು, ನಾನು ಕಾಗದದ ಮನುಷ್ಯಳಾದೆ. ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆಯಾಗಿ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಕಣ್ಣಾರೆ ನೋಡದ ಯಾವುದಕ್ಕೂ ಸಹಿ ಹಾಕಿಲ್ಲ. ಹೆಡ್‌ಮಾಸ್ತರರು ಬೈದರೂ ಹಾಕಿಲ್ಲ. ಕಾಗದದಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದರ ಬಗ್ಗೆ ನನಗೆ ಒಂದಿಷ್ಟು ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ಈಗ ನಾನು ಹೇಳಹೊರಟಿದ್ದು ಆ ಬಿಲ್ಡಿಂಗಿನ ಎಂಟನೇ ಮನೆಯ ಮುದುಕಿಯ ವಿಷಯ. ದೇವದುರ್ಗ ತಾಲೂಕಿನ ಜಾಲಹಳ್ಳಿಯ ಕಡೆಯವಳು. ಇದ್ದ ನಲವತ್ತು ಕುರಿಗಳನ್ನು ಮಾರಿ ರೊಕ್ಕವನ್ನು ನಮ್ಮಪ್ಪನ ಕೈಗೆ ಕೊಟ್ಟವಳು. ಮೊಮ್ಮಗಳ ನರ್ಸಿಂಗ್ ಓದು ಮುಗಿಯುವತನಕ ರಾಯಚೂರಿನಲ್ಲಿದ್ದು, ಆಮೇಲೆ ಆ ರೊಕ್ಕ ಹೊಳ್ಳಿ ಇಸಕೊಂಡು, ಊರಿಗೆ ಹೋಗಿ ಮತ್ತೆ ಹಿಂಡು ಕಟ್ಟಬೇಕೆಂದಿದ್ದವಳು. ಅದು ಅವಳಿಗೆ ಸಿಗದ ಹಾಗೆ ಮಾಡಿದ್ದು ಯಾರೆಂದರೆ, ನಾನೇ.

ಹೋದ ಬೇಸಿಗೆಗೆ ಮುಂಚೆ ಅಪ್ಪ ಬಚ್ಚಲಲ್ಲಿ ಜಾರಿಬಿದ್ದ. ಸೊಂಟ ಕೂಡಿಕೊಂಡಿತು, ತಲೆ ಮಾತ್ರ ಕೂಡಿಕೊಳ್ಳಲಿಲ್ಲ. ಒಂದು ದಿನ ಸರಿ ಇದ್ದರೆ ಎರಡು ದಿನ ಎಲ್ಲೋ ಇರುತ್ತಿದ್ದ. ಆ ತನಕ ಅವನು ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಬ್ಬನೇ ಇದ್ದು, ಎಂಟೂ ಮನೆಗಳ ಕಾರಭಾರ ನೋಡಿಕೊಳ್ಳುತ್ತಿದ್ದ. ದೇವದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಅವನನ್ನು ಕರೆದುಕೊಂಡು ಹೋದ. ಬಿಲ್ಡಿಂಗ್ ನನ್ನ ಕೊರಳಿಗೆ ಬಿತ್ತು. ಬಿದ್ದ ಎರಡನೇ ತಿಂಗಳಿಗೇ ಬ್ಯಾಂಕಿನಿಂದ ನೋಟಿಸು. ಮೇಲಿನ ಅಂತಸ್ತು ಕಟ್ಟಿಸಲು ಅಪ್ಪ ತೆಗೆದ ಸಾಲದ ಕಂತು ಆರು ತಿಂಗಳಿಂದ ಕಟ್ಟಿಲ್ಲ.

ಬ್ಯಾಂಕಿನ ಸಾಹೇಬರು ಒಳ್ಳೆಯವರೇ. ಕುರ್ಚಿ ಕೊಟ್ಟರು. "ಎಂಟು ಮನಿ ಬಾಡಿಗಿ ಬರ್ತದಲ್ರಿ ಮೇಡಂ? ಅಗ್ರಿಮೆಂಟ್ ಎಲ್ಲಾ ತಗೊಂಡು ಬರ್ರಿ, ತಿಂಗಳಿಗಿ ಎಷ್ಟು ಬರ್ತದ ಒಂದು ಪಟ್ಟಿ ಮಾಡ್ರಿ. ಕಂತು ಸಣ್ಣದು ಮಾಡಾಕ ಬರ್ತದೇನು ನೋಡೂಣು. ಹತ್ತು ದಿನದಾಗ ಬಿಲ್ಡಿಂಗಿಗಿ ಬೆಲಿ ಕಟ್ಟವರು ಬರ್ತಾರ, ಒಂದೀಟು ಚಂದ ಕಾಣಂಗ ಇಡ್ರಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಪಟ್ಟಿ ಮಾಡುವುದು ನನ್ನ ಕೆಲಸವೇ ಅಲ್ಲವೇ? ಶಾಲೆಗೆ ಹದಿನೈದು ದಿನ ರಜೆ ಬರೆದುಕೊಟ್ಟು ರಾಯಚೂರಿಗೆ ಬಂದು, ಅಪ್ಪನ ಕೋಣೆಯಲ್ಲಿ ಹಾಸಿಗೆ ಬಿಚ್ಚಿದೆ.

ಮೊದಲು ಸುಣ್ಣ-ಬಣ್ಣಕ್ಕೆ ಹಚ್ಚಿದೆ. ನನ್ನ ಸ್ವಂತ ರೊಕ್ಕದಲ್ಲಿ. ಅಪ್ಪನ ಕೋಣೆಯ ಗೋಡೆಗಳನ್ನು ನೋಡಿಯೇ ನನ್ನ ತಲೆ ಕೆಟ್ಟಿತ್ತು. ನೆಲದಿಂದ ಎದೆಯೆತ್ತರದವರೆಗೆ ಅಂಕಿ, ಗೆರೆ, ಅಡ್ಡ ಗೀಟು. "ಒಂದಕ್ಷರ ಉಳಿಬಾರದು" ಎಂದು ಬಣ್ಣದವನಿಗೆ ಮೊದಲ ದಿನವೇ ಹೇಳಿದ್ದೆ. ನನ್ನಷ್ಟೇ ವಯಸ್ಸಿನವನು, ಮೆತ್ತಗಿನ ಮನುಷ್ಯ, ಒಬ್ಬನೇ ಕೆಲಸ ಮಾಡುತ್ತಿದ್ದ. ಮನೆಗಳಲ್ಲಿದ್ದವರೆಲ್ಲ ಖುಷಿಯಿಂದ ಸಾಮಾನು ಎತ್ತಿಟ್ಟು ಜಾಗ ಮಾಡಿಕೊಟ್ಟರು. ಪುಕ್ಕಟೆ ಬಣ್ಣ ಯಾರಿಗೆ ಬೇಡ? ಮೇಲಿನ ಅಂತಸ್ತಿನ ಕೊನೆಯ ಮನೆಗೆ ಬೀಗ ಇತ್ತು. ಮುದುಕಿ ಮೊಮ್ಮಗಳನ್ನು ಕರೆದುಕೊಂಡು ಜಾಲಹಳ್ಳಿಗೆ, ತನ್ನ ತಮ್ಮನ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಕೀಲಿಯನ್ನು ಕೆಳಗಿನ ಮನೆಯವರ ಹತ್ತಿರ ಬಿಟ್ಟಿದ್ದಳು. ಇಸಕೊಂಡು ತೆಗೆಸಿದೆ.

ಮಧ್ಯಾಹ್ನ ಹನ್ನೆರಡರ ಸುಮಾರು. ರಾಯಚೂರಿನ ಬಿಸಿಲು, ಮೆಟ್ಟಿಲ ಕಂಬಿ ಮುಟ್ಟಿದರೆ ಅಂಗೈ ಸುಡುತ್ತಿತ್ತು. ನಾನು ನಡುವಿನ ಅಂತಸ್ತಿನಲ್ಲಿ ನಿಂತು ನಲ್ಲಿಯವನ ಜೊತೆ ಜಗಳ ತೆಗೆದಿದ್ದೆ. ಮೇಲಿನಿಂದ ಬಣ್ಣದವನು ಕೂಗಿದ.

"ಅಕ್ಕಾರೇ, ಇಲ್ಲಿ ಬಾಗಲ ಹಿಂದ ಏನೋ ಬರದಾರ್ರಿ. ಬಿಡ್ಲೇನು?"

"ಯಾಕ ಬಿಡ್ತೀ? ಬಳಿ!"

"ಪೆನ್ಸಿಲ್ ದಪ್ಪ ಅದರೀ. ಎರಡು ಕೈ ಬೇಕಾಗ್ತದ."

"ಮೂರು ಕೈ ಬಳಿ. ರೊಕ್ಕ ನಾ ಕೊಡಾಕತ್ತೀನಿ, ನಿಂದೇನು ಹೋಗ್ತದ?"

ಹದಿನಾಲ್ಕು ಮೆಟ್ಟಿಲು. ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಹತ್ತಿ ಹೋಗಿ ಒಮ್ಮೆ ನೋಡಿದ್ದರೆ ಸಾಕಿತ್ತು. ಆದರೆ ಗೋಡೆಯ ಮೇಲಿನದನ್ನು ನೋಡಬಾರದೆಂದು ನಾನು ಹನ್ನೆರಡನೇ ವಯಸ್ಸಿಗೇ ನಿಶ್ಚಯಿಸಿದವಳು. ನಲ್ಲಿಯವನ ಕಡೆಗೇ ತಿರುಗಿದೆ.

ಬಣ್ಣ ಒಣಗುವ ಹೊತ್ತಿಗೆ ಅಪ್ಪನ ಟ್ರಂಕು ತೆಗೆದೆ. ಒಳಗೆ ಎಂಟು ಬಾಂಡ್ ಪೇಪರುಗಳು, ಒಂದಕ್ಕೊಂದು ದಾರ ಕಟ್ಟಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಯ್ಯೋ, ಗೋಡೆಯ ಮನುಷ್ಯ ಕೊನೆಗಾದರೂ ಕಾಗದಕ್ಕೆ ಬಂದನಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಒಂದೊಂದೂ ಹನ್ನೊಂದು ತಿಂಗಳ ಕರಾರು. ಬಾಡಿಗೆ ಇಷ್ಟು, ಠೇವಣಿ ಇಷ್ಟು, ಮನೆ ಬಿಡುವಾಗ ಸುಣ್ಣ-ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ ಕಡಿತ. ಆ ಕೊನೆಯ ಕಲಮಿನ ಪಕ್ಕ ಕೆಂಪು ಪೆನ್ನಿನಿಂದ ಗುರುತು ಹಾಕಿ, ಭಪ್ಪರೆ ಅಪ್ಪಾ ಎಂದೆ. ಎರಡು ಕರಾರುಗಳ ಅವಧಿ ಮುಗಿದಿತ್ತು, ಅದನ್ನೂ ಬರೆದುಕೊಂಡೆ. ಮನೆ ನಂಬರು, ಇರುವವರು, ತಿಂಗಳ ಬಾಡಿಗೆ, ಠೇವಣಿ, ಅವಧಿ, ಐದು ಕಾಲಮಿನ ಪಟ್ಟಿ. ಕೆಳಗೆ ಮೊತ್ತ ತಿಂಗಳಿಗೆ ಮೂವತ್ತೊಂದು ಸಾವಿರ. ಕಂತು ಕಟ್ಟಿಯೂ ಅಪ್ಪನ ಔಷಧಿಗೆ ಉಳಿಯುತ್ತದೆ. ಆ ಸಂಜೆ ನಾನು ಹೋಟೆಲಿನಿಂದ ಮಿರ್ಚಿ ಭಜಿ ತರಿಸಿಕೊಂಡು ತಿಂದೆ.

ಮರುದಿನ ಕೆಳಗಿನ ಮೊದಲ ಮನೆಗೆ ಹೋದೆ, ಬಾಕಿ ಬಿದ್ದ ಬಾಡಿಗೆ ಕೇಳಲು. ಅಲ್ಲಿರುವವರು ಸಂತೆಪೇಟೆಯಲ್ಲಿ ಬಳೆ ಅಂಗಡಿ ಇಟ್ಟವರು, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾರೆ. ಚಹಾ ಕೊಟ್ಟರು. ನನ್ನ ಮಾತು ಕೇಳಿ ಗಾಬರಿಯಾದರು.

"ಬಾಡಿಗಿ? ಯಾವ ಬಾಡಿಗಿ ಬೇಟಿ? ನಾ ಲೀಸಿಗಿ ಅದೀನಲ್ಲ."

"ಬಾಂಡಿನ್ಯಾಗ ತಿಂಗಳಿಗಿ ಐದು ಸಾವಿರ ಅಂತ ಅದ ಚಾಚಾ. ನಿಮ್ಮದ ಸಹಿ ಅದ."

"ಅದು ಬ್ಯಾಂಕಿನವರಿಗಿ ತೋರ್ಸಾಕ. ನಿಮ್ಮ ಅಬ್ಬಾ ಹೇಳಿದ್ರು, ನಾ ಸಹಿ ಹಾಕ್ದೆ. ನಮ್ಮಿಬ್ಬರದು ಇಲ್ಲಿ ಅದ ನೋಡು." ಒಳಗಿನಿಂದ ಒಂದು ಕೆಂಪು ರಟ್ಟಿನ ಸಣ್ಣ ಬುಕ್ಕು ತಂದರು. ನಾಲ್ಕು ಲಕ್ಷ ಮುಟ್ಟಿದೆ, ಮನೆ ಬಿಟ್ಟಾಗ ಹೊಳ್ಳಿ ಕೊಡುತ್ತೇನೆ. ಕೆಳಗೆ ರೆವಿನ್ಯೂ ಸ್ಟಾಂಪು, ಅದರ ಮೇಲೆ ಅಪ್ಪನ ಸಹಿ. ಅಪ್ಪನ ಸಹಿ ಚೆಂದ, ಓದಿದವರಿಗೂ ಹಾಗೆ ಬರುವುದಿಲ್ಲ.

ಲೀಸು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇರುವವರು ಒಮ್ಮೆಗೇ ದೊಡ್ಡ ಮೊತ್ತ ಕೊಡುತ್ತಾರೆ, ಆಮೇಲೆ ಬಾಡಿಗೆ ಇಲ್ಲ, ಮನೆ ಬಿಡುವಾಗ ಅಷ್ಟೂ ರೊಕ್ಕ ವಾಪಸು. ಮಾಲೀಕ ಆ ರೊಕ್ಕವನ್ನು ಜೋಪಾನ ಮಾಡಿದರೆ ಸರಿ. ನಮ್ಮಪ್ಪ ಅದರಿಂದಲೇ ಬ್ಯಾಂಕಿನ ಕಂತು ಕಟ್ಟಿದ್ದ. ತಮ್ಮನ ಗೊಬ್ಬರದ ಅಂಗಡಿಗೆ ಸುರಿದಿದ್ದ. ಒಬ್ಬ ಬಿಟ್ಟು ಹೋದರೆ ಬಂದವನ ರೊಕ್ಕದಿಂದ ಅವನಿಗೆ ಕೊಡುತ್ತಿದ್ದ. ಬೀಳುವತನಕ ಓಡಿತು. ಅವನು ಬಿದ್ದ, ಅದೂ ಬಿತ್ತು.

ಒಂದೊಂದೇ ಬಾಗಿಲು ತಟ್ಟಿದೆ. ಒಂದೊಂದೇ ಬುಕ್ಕು ಹೊರಗೆ ಬಂತು. ಹಸಿರು ರಟ್ಟು, ನೀಲಿ ರಟ್ಟು, ಒಂದು ಕಡೆ ಮಕ್ಕಳ ಕಾಪಿಯ ಹಾಳೆ. ಎಲ್ಲದರಲ್ಲೂ ಸ್ಟಾಂಪು, ಸಹಿ. ಏಳು ಮನೆಯ ಏಳು ಬುಕ್ಕು ನೋಡಿ ಕೋಣೆಗೆ ಬಂದು, ನನ್ನ ಪಟ್ಟಿಯಲ್ಲಿ ಮೂವತ್ತೊಂದು ಸಾವಿರ ಎಂದಿದ್ದ ಕಡೆ ಅಡ್ಡ ಗೀಟು ಎಳೆದು ಸೊನ್ನೆ ಬರೆದೆ. ಪಕ್ಕದಲ್ಲಿ ಹೊಸ ಕಾಲಮು ಹಾಕಿದೆ: ಕೊಡಬೇಕಾದದ್ದು. ಏಳಕ್ಕೆ ಇಪ್ಪತ್ತಾರು ಲಕ್ಷ ಆಯಿತು. ಅಪ್ಪನನ್ನು ಬಾಯಿಗೆ ಬಂದಂತೆ ಬೈದೆ, ಅವನು ಎದುರಿಗಿಲ್ಲ ಎಂಬ ಧೈರ್ಯದ ಮೇಲೆ.

ನಾಲ್ಕನೇ ದಿನ ಮುದುಕಿ ಬಂದಳು. ತಲೆಯ ಮೇಲೆ ಜೋಳದ ಗಂಟು, ಹಿಂದೆ ಮೊಮ್ಮಗಳು. ನಾನು ಮೆಟ್ಟಿಲ ಮೇಲೆ ಕಾಯುತ್ತಲೇ ಕುಳಿತಿದ್ದೆ.

"ಯವ್ವಾ, ನಿಂದೂ ಲೀಸೇನು?"

"ಹೌದ ನನ್ನ ತಾಯಿ. ನಾಕು ಲಕ್ಷದ ಇಪ್ಪತ್ತು ಸಾವಿರ."

"ಬುಕ್ಕು ಅದ ಏನು?"

ಅವಳು ನಕ್ಕಳು. "ಬುಕ್ಕು ತಗೊಂಡು ನಾ ಏನ್ ಮಾಡ್ಲಿ? ಮಳಿಗಿ ತೊಯ್ತದ, ಇಲಿ ಕಡೀತದ. ನಿಮ್ಮಪ್ಪಗ ಅಂದೆ, ಎಲ್ಲೂ ಹೋಗದಂಥಾ ಕಡಿ ಬರಿಯಪಾ ಅಂತ. ಅವಾ ಗೋಡಿ ಮ್ಯಾಲ ಬರದ್ಕೊಟ್ಟಾನ, ಬಾಗಲ ಹಿಂದ. ಬಾ, ತೋರಸ್ತೀನಿ."

ನನಗೆ ಆಗಲೇ ತಿಳಿಯಿತು. ಮೆಟ್ಟಿಲ ಮೇಲೇ ಕೂತಿದ್ದೆ. ಅವಳು ಮೇಲೆ ಹೋಗಿ ಬೀಗ ತೆಗೆದದ್ದು, ಗಂಟು ಇಳಿಸಿದ್ದು, ಬಾಗಿಲನ್ನು ಒಳಗಿನಿಂದ ಮುಂದಕ್ಕೆ ಮಾಡಿದ್ದು, ಎಲ್ಲ ಕೆಳಗೇ ಕೇಳಿತು. ಹತ್ತಿ ಹೋದೆ. ಬಾಗಿಲ ಹಿಂದಿನ ಮೂಲೆಯಲ್ಲಿ ನಿಂತು ಗೋಡೆಗೆ ಅಂಗೈ ಇಟ್ಟಿದ್ದಳು.

"ಇಲ್ಲೇ ಇತ್ತು" ಎಂದಳು. ಒಳಮನೆಯ ಬಾಗಿಲ ಹಿಂದೆಯೂ ನೋಡಿ ಬಂದಳು, ತಾನೇ ಮರೆತಿರಬಹುದೆಂದು. ಮತ್ತೆ ಅಲ್ಲೇ ಬಂದು ನಿಂತಳು. "ಮೂರು ಸಾಲು ಇತ್ತವ್ವಾ. ಕುರಿ ಒಮ್ಮಿಗೇ ಹೋಗ್ಲಿಲ್ಲ, ಮೂರು ಸಲ ತಂದು ಕೊಟ್ಟೆ. ಮೂರು ಸಲ ಬರದ. ಕೆಳಗ ಸಹಿ ಮಾಡಿದ. ನನಗ ಓದಾಕ ಬರಂಗಿಲ್ಲ, ಆದ್ರೂ ದಿನಾ ಕಸಾ ಹೊಡಿಯಾಗ ಒಮ್ಮಿ ನೋಡ್ತಿದ್ದೆ." ಆಮೇಲೆ ನನ್ನ ಮುಖ ನೋಡಿ ಕೇಳಿದಳು. "ಯಾರು ಬಳಿಸಿದ್ರು?"

"ನಾನ, ಯವ್ವಾ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆನೇನೋ. ಹಳೆಯ ಸೀರೆಯ ಚೂರನ್ನು ನೀರಲ್ಲಿ ಅದ್ದಿ ತಂದು, ಕೂತುಕೊಂಡು ಗೋಡೆ ಒರೆಸತೊಡಗಿದಳು. ಹೊಸ ಬಣ್ಣ ಒಂದೊಂದೇ ಪದರ ಬಿಟ್ಟಿತು. ನಾನೂ ಕೂತೆ, ಕಣ್ಣು ಹತ್ತಿರ ಇಟ್ಟು ನೋಡಿದೆ. ಒಂದು ಕ್ಷಣ ಕಪ್ಪಗೆ ಒಂದು ಗೆರೆ ಕಂಡಿತು, ಅಂಕಿ ನಾಲ್ಕೋ ಐದೋ ತಿಳಿಯಲಿಲ್ಲ. ಬಟ್ಟೆ ಇನ್ನೊಮ್ಮೆ ಹಾಯುವುದರೊಳಗೆ ಅದೂ ಬಣ್ಣದ ಜೊತೆಗೇ ಎದ್ದು ಬಂತು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಅಪ್ಪನ ಅಕ್ಷರವೆಂದರೆ ಅಷ್ಟೇ ಉಳಿದದ್ದು. "ಸಾಕು ಬಿಡಬೇ ಅಜ್ಜಿ" ಎಂದು ಮೊಮ್ಮಗಳು ಅವಳ ಕೈ ಹಿಡಿದುಕೊಂಡಳು.

ನನ್ನ ಹತ್ತಿರ ಇರಲಿಲ್ಲವೇ, ಕೊಡಬಾರದಿತ್ತೇ ಎಂದು ಓದುವವರು ಕೇಳಬಹುದು. ನನ್ನ ಭವಿಷ್ಯ ನಿಧಿಯನ್ನು ಅಪ್ಪನ ಸೊಂಟದ ಆಪರೇಷನ್ನಿಗೆ ತೆಗೆದಾಗಿತ್ತು. ಕೈಯಲ್ಲಿದ್ದ ಚಿಲ್ಲರೆ ರೊಕ್ಕವನ್ನು ಆ ಬಣ್ಣಕ್ಕೇ ಹಾಕಿದ್ದೆ. ಮಾನ್ವಿಯಲ್ಲಿ ನಾನೂ ಬಾಡಿಗೆ ಮನೆಯಲ್ಲೇ ಇರುವವಳು.

ಆದರೆ ಒಂದು ದಾರಿ ಇತ್ತು. ಅಪ್ಪ ಬದುಕಿದ್ದನಲ್ಲ! ಸಹಿ ಮಾಡುವ ಕೈ ಇನ್ನೂ ನೆಟ್ಟಗೇ ಇತ್ತಲ್ಲ! ಮರುದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೊರಟೆ. ಚೀಲದಲ್ಲಿ ಹೊಸ ಬುಕ್ಕು, ರೆವಿನ್ಯೂ ಸ್ಟಾಂಪು, ಪೆನ್ನು. ಬುಕ್ಕಿನಲ್ಲಿ ದಾರಿಯಲ್ಲೇ ಎಲ್ಲ ಬರೆದಿಟ್ಟೆ, ಮೊತ್ತದ ಜಾಗ ಮಾತ್ರ ಖಾಲಿ ಬಿಟ್ಟೆ. ಅಪ್ಪನ ಬಾಯಿಂದಲೇ ಬರಲಿ, ಆಗ ಯಾರೂ ಮಾತಾಡುವ ಹಾಗಿಲ್ಲ ಎಂದುಕೊಂಡಿದ್ದೆ.

ಅಪ್ಪ ತಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತು ಎದುರು ಮನೆಯ ಕಟ್ಟಡ ಕೆಲಸ ನೋಡುತ್ತಿದ್ದ. ಅವತ್ತು ಅವನ ಒಳ್ಳೆಯ ದಿನ. ನನ್ನನ್ನು ಗುರುತು ಹಿಡಿದ. "ಯಾವಾಗ ಬಂದೆಬೇ? ಊಟಾ ಆತೇನು?" ಎಂದ. ಅಂಗಡಿಯಿಂದ ಆಗಷ್ಟೇ ಊಟಕ್ಕೆ ಬಂದಿದ್ದ ತಮ್ಮ ಬಾಗಿಲಲ್ಲಿ ನಿಂತುಕೊಂಡ.

"ಅಪ್ಪಾ, ಎಂಟನೇ ಮನಿ ಯವ್ವ ಎಷ್ಟು ಕೊಟ್ಟಾಳ ನಿನಗ?"

"ಕುರಿ ಯವ್ವ? ನಾಕು ಇಪ್ಪತ್ತು. ಮೂರು ಸಲ ಕೊಟ್ಟಾಳ." ಒಂದಿಷ್ಟೂ ತಡವರಿಸಲಿಲ್ಲ. ನನಗೆ ಅವನ ಕಾಲು ಹಿಡಿಯಬೇಕೆನಿಸಿತು. ತಮ್ಮನ ಕಡೆ ನೋಡಿದೆ, ಕೇಳಿದೆಯಾ ಎನ್ನುವ ಹಾಗೆ. ಅಂಕಿ ಬರೆದು, ಸ್ಟಾಂಪು ಹಚ್ಚಿ, ಪೆನ್ನು ಅವನ ಕೈಗೆ ಕೊಟ್ಟೆ.

"ಇಲ್ಲಿ ಒಂದು ಸಹಿ ಮಾಡಪಾ."

"ಯಾಕ? ಗೋಡಿ ಮ್ಯಾಲ ಮಾಡೀನಲ್ಲ. ಎರಡು ಕಡಿ ಸಹಿ ಮಾಡಿದ್ರ ಎರಡು ಸಲ ಕೊಡಬೇಕಾಗ್ತದ. ನನಗೇನು ಹುಚ್ಚು ಹಿಡದದ ಅಂತ ತಿಳ್ಕೊಂಡೀ?"

"ಗೋಡಿಗಿ ಬಣ್ಣ ಬಳದದಪಾ. ಬರದದ್ದು ಹೋಗ್ಯದ."

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. ಆಮೇಲೆ ಅವನ ಮುಖದಲ್ಲಿ ಎಂಥ ಸಮಾಧಾನ ಬಂತೆಂದರೆ, ನನ್ನ ಇಡೀ ಜನ್ಮದಲ್ಲಿ ಅಂಥದ್ದು ಅವನ ಮುಖದಲ್ಲಿ ನಾನು ಕಂಡಿಲ್ಲ.

"ಬಳದಾರ? ಹಂಗಾರ ಮುಟ್ಟ್ಯದ ಬಿಡು" ಎಂದ. "ಬಾಕಿ ಇಟ್ಟು ನಾ ಯಾವತ್ತ ಗೋಡಿ ಮುಚ್ಚೀನಿ?"

"ಇಲ್ಲಪಾ, ಮುಟ್ಟಿಲ್ಲ. ನಾ ತಿಳೀದ ಬಳಿಸೀನಿ."

"ಮುಟ್ಟ್ಯದ ಅಂದ್ರ ಮುಟ್ಟ್ಯದ. ಯಾರಿಗರ ಕೇಳು ಬೇಕಾದ್ರ, ಯಾವ ಆಳಿಗರ ಕೇಳು." ಪೆನ್ನನ್ನು ಕಟ್ಟೆಯ ಮೇಲಿಟ್ಟು ಮತ್ತೆ ಎದುರಿನ ಕೆಲಸದ ಕಡೆ ತಿರುಗಿದ. ಅತ್ತು ಗೋಗರೆದೆ, ಅವನ ಬೆರಳಿಗೆ ಪೆನ್ನು ತುರುಕಿದೆ. ಅವನು ಮುಷ್ಟಿ ಬಿಗಿ ಮಾಡಿಕೊಂಡ. ಸಂಜೆಯವರೆಗೆ ಕೂತರೂ ಮುಷ್ಟಿ ಬಿಡಿಸಲಾಗಲಿಲ್ಲ. ಆ ಹೊತ್ತಿಗೆ ಅವನು, ಎಂದೋ ತೀರಿಹೋದ ನಮ್ಮವ್ವ ಇನ್ನೂ ಯಾಕೆ ಬರಲಿಲ್ಲ, ಬಸ್ಸು ತಪ್ಪಿತೇನು ಎಂದು ನನ್ನನ್ನೇ ಕೇಳುತ್ತಿದ್ದ.

ತಮ್ಮ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ. "ಕೇಳಿದೆಲ್ಲ ಅಕ್ಕಾ? ಮುಟ್ಟ್ಯದ ಅಂತಾನ. ಇನ್ನ ಸುಮ್ಮನಿರು."

"ನಾಕು ಇಪ್ಪತ್ತು ಅಂದದ್ದೂ ಕೇಳಿದೆಲ್ಲೋ? ನಿನ್ನ ಕಿವಿ ಬೇಕಾದಾಗ ಅಷ್ಟ ಕೇಳ್ತಾವೇನು?"

"ಅವ್ವ ಬಸ್ಸಿಗಿ ಬರ್ತಾಳಂತನೂ ಅಂದ. ಅದಕ್ಕೇನು ಮಾಡೂಣು?" ಎಂದ. ಅವನನ್ನು ಹೊಡೆಯಬೇಕೆಂದು ಕೈ ಎತ್ತಿದೆ. ಐವತ್ತರ ಹತ್ತಿರದ ಗಂಡಸು, ಅಷ್ಟು ಜನರೆದುರು. ಇಳಿಸಿಬಿಟ್ಟೆ.

ಬ್ಯಾಂಕಿನವರು ಹರಾಜು ಹಾಕುವ ಮುಂಚೆ ನಾವೇ ಮಾರುವುದೆಂದು ಆಯಿತು. ಕೊಳ್ಳಲು ಬಂದವರು ಮಾನ್ವಿಯ ಭತ್ತದ ವ್ಯಾಪಾರಿ. ಲೆಕ್ಕದಲ್ಲಿ ಕಟ್ಟುನಿಟ್ಟು, ಮೋಸದವರಲ್ಲ. ಬ್ಯಾಂಕಿನ ಬಾಕಿ ತಾವೇ ಕಟ್ಟುತ್ತೇವೆ, ಲೀಸಿನವರಿಗೂ ತಾವೇ ಕೊಟ್ಟು ಬಿಡಿಸುತ್ತೇವೆ, ಉಳಿದದ್ದು ನಿಮಗೆ ಎಂದರು. ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ನನ್ನಿಂದಲೇ ಕೇಳಿದರು. ಪಟ್ಟಿಯಲ್ಲಿ ಅವರು ಹೇಳಿದ ಒಂದು ಹೊಸ ಕಾಲಮು: ಬರಹದ ಆಧಾರ. ಏಳು ಮನೆಗಳ ಮುಂದೆ "ಇದೆ" ಎಂದು ಬರೆದೆ. ಎಂಟನೆಯದರ ಮುಂದೆ ಪೆನ್ನು ಹಿಡಿದು ಕುಳಿತೆ.

ಅದಕ್ಕೂ ಮುಂಚೆ ಚಾಚಾ ಹತ್ತಿರ ಹೋಗಿದ್ದೆ. ಮುದುಕಿ ಮೂರೂ ಸಲ ರೊಕ್ಕ ತಂದಾಗ ಅವರು ಎದುರಿಗೇ ಇದ್ದರೆಂದು ಅವಳೇ ಹೇಳಿದ್ದಳು. ಅಂಗಡಿಯಲ್ಲಿ ಬಳೆ ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ನಾ ಏನ್ ನೋಡೀನಿ ಬೇಟಿ? ನಾ ನನ್ನ ಬುಕ್ಕು ಅಷ್ಟ ನೋಡೀನಿ" ಎಂದರು. ಎಂಟನೆಯವಳು ಸೇರಿದರೆ ಎಲ್ಲರದೂ ಒಂದಿಷ್ಟು ಕಡಿಮೆಯಾದೀತು ಎಂದು ಬಿಲ್ಡಿಂಗಿನಲ್ಲಿ ಸುದ್ದಿಯಾಗಿತ್ತು. ಅವರ ಮಗಳ ಮದುವೆ ಗೊತ್ತಾಗಿತ್ತು. ನಾನು ಅವರನ್ನು ಬೈಯಲು ಯಾವ ಬಾಯಿಂದ ಬೈಯಲಿ? ಒಂದು ಡಜನ್ ಬಳೆ ಕಟ್ಟಿಕೊಟ್ಟು, ರೊಕ್ಕ ಬೇಡವೆಂದರು. ಇನ್ನೂ ನನ್ನ ಟ್ರಂಕಿನಲ್ಲಿವೆ, ತೊಟ್ಟಿಲ್ಲ.

ವ್ಯಾಪಾರಿ ನನ್ನೆದುರೇ ಕೂತಿದ್ದರು, ಪಕ್ಕದಲ್ಲಿ ತಮ್ಮ. "ಎಂಟನೇದಕ್ಕ ಬರಹ ಅದ ಏನ್ರೀ?"

"ಇತ್ತರಿ. ಗೋಡಿ ಮ್ಯಾಲ. ಬಣ್ಣ ಹಚ್ಚಾಗ ಹೋಗ್ಯದ."

"ನೀವು ನೋಡೀರೇನು? ನೋಡೀನಿ ಅಂದ್ರ ಸಾಕ್ರಿ, ನಿಮ್ಮ ಮಾತ ಸಾಕು ನನಗ. ನೀವು ಎಂಥವರು ಅಂತ ಮಾನ್ವಿಯಾಗ ಎಲ್ಲರಿಗೂ ಗೊತ್ತದ."

ನೋಡೀನಿ ಎಂದರೆ ಆಗಿತ್ತು. ಎರಡು ಲಕ್ಷದ ಮೇಲೆ ನಮಗೆ ಉಳಿಯುವುದಿತ್ತು, ಅದಷ್ಟೂ ಅವಳಿಗೆ ಹೋಗುತ್ತಿತ್ತು. ಅರ್ಧ ಹಿಂಡಾದರೂ ಆಗುತ್ತಿತ್ತು. ಬಾಯಿ ತೆರೆದೆ. ಇಪ್ಪತ್ತೆಂಟು ವರ್ಷದಲ್ಲಿ ನೋಡದ್ದನ್ನು ನೋಡಿದ್ದೇನೆ ಎಂದು ಒಮ್ಮೆಯೂ ಹೇಳದ ಬಾಯ್ರೀ ಅದು. ಅಪ್ಪ ನಾಕು ಇಪ್ಪತ್ತು ಅಂದದ್ದನ್ನು ಹೇಳಿದರೆ, ಮುಟ್ಟ್ಯದ ಅಂದದ್ದನ್ನು ತಮ್ಮ ಅಲ್ಲೇ ಹೇಳುತ್ತಿದ್ದ, ನನ್ನನ್ನೇ ನೋಡುತ್ತ ಕೂತಿದ್ದ.

"ಇಲ್ರಿ. ನಾ ನೋಡಿಲ್ಲ" ಎಂದೆ.

ಸತ್ಯವನ್ನೇ ಹೇಳಿದೆ. ಆ ಸತ್ಯಕ್ಕೆ ಬೆಂಕಿ ಬೀಳಲಿ. ಕಾಲಮಿನಲ್ಲಿ ನನ್ನ ಕೈಯಾರೆ "ಇಲ್ಲ" ಎಂದು ಬರೆದೆ. ವ್ಯಾಪಾರಿ ನಿಟ್ಟುಸಿರು ಬಿಟ್ಟು, ಹಾಗಾದರೆ ಎಂಟನೇ ಮನೆಗೆ ಬಾಂಡ್ ಪೇಪರಿನಲ್ಲಿ ಇರುವ ಹಾಗೇ ಕೊಡೋಣ ಎಂದರು. ಉಳಿದ ಎರಡು ಲಕ್ಷವನ್ನು ಅಪ್ಪನ ಔಷಧಿಗೆಂದು ತಮ್ಮ ಇಟ್ಟುಕೊಂಡ. ರಿಜಿಸ್ಟ್ರಾರ್ ಆಫೀಸಿನಲ್ಲಿ ಅಪ್ಪ ಒಂದೂ ಮಾತಾಡದೆ ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದ. ಒಂದೊಂದೂ ಮುತ್ತಿನಂಥ ಸಹಿ.

ಮುದುಕಿಗೆ ರೊಕ್ಕ ಮುಟ್ಟಿಸಿ ಹೆಬ್ಬೆಟ್ಟು ಹಾಕಿಸಿಕೊಂಡು ಬರುವ ಕೆಲಸವೂ ನನ್ನದೇ ಆಯಿತು. ಹದಿನಾಲ್ಕು ಮೆಟ್ಟಿಲು ಹತ್ತಿದೆ. ಸಾಮಾನು ಕಟ್ಟಿಟ್ಟಿದ್ದಳು, ಎರಡು ಗಂಟು, ಒಂದು ಟ್ರಂಕು. ಮೊಮ್ಮಗಳು ಓದು ಬಿಟ್ಟಿದ್ದಳು. ಇನ್ನು ಒಂದು ವರ್ಷವಿತ್ತು, ಊರಿಂದ ಬಂದುಹೋಗುವುದಾಗದು, ಬೇರೆ ಮನೆ ಹಿಡಿಯಲು ರೊಕ್ಕವಿಲ್ಲ. ಟ್ರಂಕಿನ ಮೇಲೆ ಅವಳ ಬಿಳಿ ಯೂನಿಫಾರ್ಮು ಮಡಿಚಿಟ್ಟಿತ್ತು. ಮನೆ ಕಸ ಹೊಡೆದು, ನೆಲ ಸಾರಿಸಿ ಆಗಿತ್ತು. ಬಾಗಿಲ ಹಿಂದೆ ತಾನು ಒರೆಸಿದ್ದ ಜಾಗಕ್ಕೆ ಮುದುಕಿ ಎಲ್ಲಿಂದಲೋ ಸುಣ್ಣ ತಂದು ಬಳಿದಿದ್ದಳು, ಇನ್ನೂ ಹಸಿ ಇತ್ತು.

"ಏನು ಬರದಾರ, ಓದವ್ವಾ" ಎಂದಳು, ನನ್ನ ಕೈಯ ವೋಚರು ನೋಡಿ.

ಓದಿದೆ. ಠೇವಣಿ ಇಪ್ಪತ್ತು ಸಾವಿರ. ಸುಣ್ಣ-ಬಣ್ಣದ ಬಾಬ್ತು ಕಡಿತ ಮೂರೂವರೆ ಸಾವಿರ. ಕೊಡಬೇಕಾದದ್ದು ಹದಿನಾರೂವರೆ ಸಾವಿರ.

"ಯಾವ ಸುಣ್ಣ?"

"ನಿನ್ನ ಮನಿಗಿ ಬಳದದ್ದು, ಯವ್ವಾ."

ಅವಳು ಬೆರಳು ಮಡಿಚಿದಳು. "ಒಂದು ಕುರಿ, ಒಂದು ಮರಿ ಬಂದ್ರ ಬಂತು" ಎಂದಳು, ನನಗಲ್ಲ, ಮೊಮ್ಮಗಳಿಗೆ. ರೊಕ್ಕ ಎಣಿಸಲಿಲ್ಲ, ಸೆರಗಿಗೆ ಕಟ್ಟಿಕೊಂಡಳು. ನಾನು ಶಾಯಿಯ ಪ್ಯಾಡು ಹಿಡಿದೆ. ಹೆಬ್ಬೆರಳು ಒತ್ತಿದಳು. ಉಳಿದ ಶಾಯಿ ಒರೆಸಿಕೊಳ್ಳಲು ಎಲ್ಲರೂ ಮಾಡುವಂತೆ ಪಕ್ಕದ ಗೋಡೆಗೆ ಕೈ ಚಾಚಿದವಳು, ಗೋಡೆಗೆ ಇನ್ನೇನು ತಾಗಬೇಕು, ಹಿಂದೆ ತೆಗೆದುಕೊಂಡಳು.

"ಬ್ಯಾಡ, ಗೋಡಿ ಹೊಲಸಾಗ್ತದ" ಎಂದು, ಬೆರಳನ್ನು ತನ್ನ ತಲೆಗೂದಲಿಗೆ ಒರೆಸಿಕೊಂಡಳು.

ನಾನು ವೋಚರನ್ನು ಫೈಲಿಗೆ ಸೇರಿಸಿದೆ.